ಹಾಡಿಗೆ ದರ್ಜೆ ಕೊಟ್ಟ ಹಿರಿಯರು

ಸಂಗೀತ ಕಛೇರಿ ಮುಗಿದ ಮೇಲೆ ಇನ್ನೊಂದು ಕಛೇರಿ ಆರಂಭವಾಗುತ್ತದೆ. ಅದು ನಡೆಯುವುದು ಸಭಾಂಗಣದ ಬಾಗಿಲಲ್ಲಿ, ಎಲ್ಲರೂ ತಂತಮ್ಮ ಚಪ್ಪಲಿ ಹುಡುಕುತ್ತಿರುವ ಹೊತ್ತಿನಲ್ಲಿ. ‘ಇವತ್ತು ತಾರಸ್ಥಾಯಿ ಏರಲೇ ಇಲ್ಲ’ ಎಂದು ಒಬ್ಬರು ರಾಗ ಎಳೆದರೆ, ‘ಅವರು ಏರಿದರು ಸ್ವಾಮಿ, ಆ ಹೊತ್ತಿಗೆ ನೀವು ಕಾಫಿಗೆ ಎದ್ದು ಹೋಗಿದ್ದಿರಿ’ ಎಂದು ಇನ್ನೊಬ್ಬರು ತಾಳ ಹಾಕುತ್ತಾರೆ. ಪುಣೆ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಹೆಚ್ಚೋ ಭೀಮಸೇನ ಜೋಶಿಯವರು ಹೆಚ್ಚೋ ಎಂಬ ವಾದದಲ್ಲಿ ಬಡಿಸಿದ ಅನ್ನ ಆರಿಹೋದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಇಬ್ಬರು ಮಹನೀಯರೂ ಈ ವಾದವನ್ನು ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ರಸಿಕರು ಮಾತ್ರ ಸುಮ್ಮನಾಗುವವರಲ್ಲ.

ಇದೇ ಬಗೆಯ ಜಗಳವೊಂದು ಸಮುದ್ರದಾಚೆ, ಅಮೆರಿಕೆಯಲ್ಲಿ, ಐವತ್ತು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಅದರ ವಿಶೇಷವೆಂದರೆ, ಅಲ್ಲಿ ಜಗಳ ಹಾಡುಗಾರರ ವಿಷಯಕ್ಕೆ ಹತ್ತಿಕೊಂಡರೂ ಕೊನೆಗೆ ಬಂದು ಮುಟ್ಟುವುದು ಹಾಡು ಕೇಳಿ ಅಭಿಪ್ರಾಯ ಬರೆಯುವ ಒಬ್ಬ ಮುದುಕರ ಹೆಸರಿಗೆ. ಆ ಹೆಸರು ರಾಬರ್ಟ್ ಕ್ರಿಸ್ಟ್‌ಗೌ. ಉಚ್ಚಾರಣೆಯ ವಿಷಯದಲ್ಲಿ ಅವರ ದೇಶದವರೇ ತಡವರಿಸುವುದುಂಟು; ನಮಗೆ ಆ ಕಷ್ಟವಿಲ್ಲ. ‘ಗೌಡ’ ಎನ್ನುವಾಗ ಬರುವ ‘ಗೌ’ವನ್ನೇ ಇಟ್ಟುಕೊಂಡರೆ ಸಾಕು.

ರಾಕ್ ಸಂಗೀತವೆಂದರೆ ನಮ್ಮ ಹಿರಿಯರ ಪಾಲಿಗೆ ಪಕ್ಕದ ಕೋಣೆಯಿಂದ ಬರುವ ಗದ್ದಲ. ಅವರನ್ನು ದೂರುವುದಕ್ಕಾಗದು. ಆದರೆ ಆ ಗದ್ದಲಕ್ಕೂ ಒಂದು ವಂಶಾವಳಿಯಿದೆ. ಅಮೆರಿಕದ ಕರಿಯ ಜನರ ಬ್ಲೂಸ್ ಹಾಡುಗಳೂ ಹಳ್ಳಿಗಾಡಿನ ಬಿಳಿಯರ ಪದಗಳೂ ಬೆರೆತು 1950ರ ದಶಕದಲ್ಲಿ ಹುಟ್ಟಿದ ಸಂಗತಿ ಅದು. 1960ರ ದಶಕದ ಕೊನೆಯ ಹೊತ್ತಿಗೆ ಅದು ಹುಡುಗರ ಕುಣಿತದ ಮಟ್ಟ ದಾಟಿ, ಕೂತು ಕೇಳುವ, ಕೇಳಿ ವಾದಿಸುವ ವಸ್ತುವಾಯಿತು. ವಾದಕ್ಕೆ ವಿಮರ್ಶಕರು ಬೇಕಲ್ಲ! ಲೆಸ್ಟರ್ ಬ್ಯಾಂಗ್ಸ್, ಗ್ರೀಲ್ ಮಾರ್ಕಸ್, ಎಲೆನ್ ವಿಲಿಸ್ ಮೊದಲಾದ ಒಂದು ಗುಂಪೇ ಹುಟ್ಟಿಕೊಂಡಿತು. ಬ್ಯಾಂಗ್ಸ್ 1982ರಲ್ಲಿ, ಇನ್ನೂ ಮೂವತ್ತಮೂರರ ಪ್ರಾಯದಲ್ಲಿ, ತೀರಿಕೊಂಡರು. ಕ್ರಿಸ್ಟ್‌ಗೌ ಮಹಾಶಯರು ಎಂಬತ್ತು ದಾಟಿಯೂ ಬರೆಯುತ್ತ ಬಂದರು.

ಅವರು ಹುಟ್ಟಿದ್ದು 1942ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ತಂದೆ ಬೆಂಕಿ ಆರಿಸುವ ದಳದ ನೌಕರ. ಮಗ ಡಾರ್ಟ್‌ಮತ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ 1962ರಲ್ಲಿ ಪದವಿ ಪಡೆದರು. ಮೊದಲು ನ್ಯೂವಾರ್ಕ್ ನಗರದ ಒಂದು ದಿನಪತ್ರಿಕೆಯಲ್ಲಿ ಪೊಲೀಸ್ ಠಾಣೆಯ ಸುದ್ದಿ ತರುವ ವರದಿಗಾರರಾಗಿದ್ದರು. 1967ರಲ್ಲಿ ‘ಎಸ್ಕ್ವೈರ್’ ಮಾಸಪತ್ರಿಕೆಗೆ ಸಂಗೀತದ ಬಗ್ಗೆ ಅಂಕಣ ಬರೆಯತೊಡಗಿದರು. 1969ರಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ವಾರಪತ್ರಿಕೆ ಸೇರಿದರು. ಠಾಣೆಯ ವರದಿ ಬರೆದವರಿಗೆ ಒಂದು ಗುಣ ಬರುತ್ತದೆ: ಏನಾಯಿತು, ಯಾರು ಮಾಡಿದರು, ಎಷ್ಟು ನಷ್ಟ ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುವುದು. ಆ ಗುಣ ಇವರನ್ನು ಕೊನೆಯವರೆಗೂ ಬಿಡಲಿಲ್ಲ ಎಂದು ನಮಗೆ ತೋರುತ್ತದೆ.

‘ವಾಯ್ಸ್’ ಪತ್ರಿಕೆ ಸೇರಿದ ವರ್ಷವೇ ಅವರು ಒಂದು ಹೊಸ ಅಂಕಣ ಹೂಡಿದರು. ಅದರ ಹೆಸರು ‘ಕನ್ಸ್ಯೂಮರ್ ಗೈಡ್’, ಎಂದರೆ ಕೊಳ್ಳುವವರ ಕೈಪಿಡಿ. ಸಾಬೂನು, ಇಸ್ತ್ರಿಪೆಟ್ಟಿಗೆಗಳ ಗುಣದೋಷ ಹೇಳುವ ಪತ್ರಿಕೆಗಳಿಗೆ ಒಪ್ಪುವ ಹೆಸರು! ಮನೆಗೆ ಬಂದು ಬೀಳುವ ಧ್ವನಿಮುದ್ರಿಕೆಗಳೋ ರಾಶಿ ರಾಶಿ. ಒಂದೊಂದಕ್ಕೂ ಪುಟಗಟ್ಟಲೆ ಬರೆಯುವುದು ಆಗದ ಮಾತು. ಆದ್ದರಿಂದ ಒಂದು ತಟ್ಟೆಗೆ ಒಂದು ಸಣ್ಣ ಪ್ಯಾರ, ಕೊನೆಗೆ ಶಾಲೆಯ ಮೇಷ್ಟರು ಹಾಕುವಂಥ ಒಂದು ದರ್ಜೆ. ಎ ಪ್ಲಸ್ ಎಂಬುದು ಶಿಖರ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಇ ಮೈನಸ್ ಎಂಬ ಪಾತಾಳ.

ಆ ಕಾಲದ ತರುಣರಿಗೆ ಇದು ಸಹಿಸಲಾಗದ ಅಪಚಾರವಾಗಿ ಕಂಡಿತು. ಅವರು ಪೇಟೆಯನ್ನೂ ಪರೀಕ್ಷೆಯನ್ನೂ ಮನೆಯ ಹಿರಿಯರನ್ನೂ ಒಟ್ಟಿಗೆ ಧಿಕ್ಕರಿಸಿ ಕೂದಲು ಬಿಟ್ಟವರು. ಅವರ ಪಾಲಿಗೆ ಸಂಗೀತವು ಮಾರುಕಟ್ಟೆಯ ಸರಕಲ್ಲ, ಮುಕ್ತಿಯ ಮಾರ್ಗ. ಅಂಥದ್ದಕ್ಕೆ ಬಿ ಮೈನಸ್ ಎಂದರೆ? ಕ್ರಿಸ್ಟ್‌ಗೌ ಅವರು ಇದನ್ನು ಬೇಕೆಂದೇ ಮಾಡಿದ್ದರು. ಮುಕ್ತಿಮಾರ್ಗದ ತಟ್ಟೆಯನ್ನೂ ಅಂಗಡಿಯಲ್ಲಿ ಕಾಸು ಕೊಟ್ಟೇ ಕೊಳ್ಳುತ್ತೀರಲ್ಲ, ಕಾಸು ಕೊಡುವವನಿಗೆ ಕೇಳುವ ಹಕ್ಕಿಲ್ಲವೇ ಎಂಬುದು ಅವರ ಧೋರಣೆ. ಸಂಬಳದ ಮೇಲೆ ಸಂಸಾರ ನಡೆಸುವ ನಮಗಂತೂ ಈ ಮಾತು ಮನಸ್ಸಿಗೆ ಹತ್ತಿರವಾಗಿ ಕೇಳಿಸುತ್ತದೆ.

ದರ್ಜೆಯ ವಿಷಯ ಬಂದಾಗ ಗುಮಾಸ್ತೆಯಾದವನು ಸುಮ್ಮನಿರಲಾರ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಮೊದಲು ವರ್ಷಕ್ಕೊಮ್ಮೆ ಗೋಪ್ಯ ವರದಿಯೆಂಬುದು ಬರೆಯಲ್ಪಡುತ್ತಿತ್ತು. ಮೇಲಧಿಕಾರಿ ನಮ್ಮ ಬಗ್ಗೆ ಏನು ಬರೆದರೆಂಬುದು ಬ್ರಹ್ಮಲಿಪಿಯಂತೆ. ಬಡ್ತಿ ತಪ್ಪಿದಾಗಷ್ಟೇ ಅರ್ಥವಾಗುತ್ತಿತ್ತು. 2009ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿದ ಮೇಲೆ ಆ ವರದಿಯನ್ನು ನೌಕರನಿಗೆ ತೋರಿಸುವ ಪದ್ಧತಿ ಬಂತು, ಒಪ್ಪಿಗೆಯಾಗದಿದ್ದರೆ ಆಕ್ಷೇಪಣೆ ಬರೆದುಕೊಡಬಹುದು. ಕ್ರಿಸ್ಟ್‌ಗೌ ಅವರ ವರದಿಯಲ್ಲಿ ಮೊದಲ ದಿನದಿಂದಲೂ ಗೋಪ್ಯವೆಂಬುದಿರಲಿಲ್ಲ. ಅಚ್ಚಾಗಿ ಊರೆಲ್ಲ ಓದುತ್ತಿತ್ತು. ದರ್ಜೆ ಪಡೆದವರು ಆಕ್ಷೇಪಣೆ ಸಲ್ಲಿಸಿದ್ದೂ ಉಂಟು, ಅದು ನಮ್ಮ ಕಚೇರಿಯ ಭಾಷೆಯಲ್ಲಿ ಇರಲಿಲ್ಲ ಅಷ್ಟೇ.

ಲೂ ರೀಡ್ ಎಂಬ ಹೆಸರಾಂತ ಹಾಡುಗಾರ 1978ರಲ್ಲಿ ಒಂದು ಮುದ್ರಿಕೆ ಹೊರಡಿಸಿದ. ಸಭೆಯಲ್ಲಿ ಹಾಡಿದ್ದನ್ನು ಹಾಗೆಯೇ ಹಿಡಿದಿಟ್ಟ ತಟ್ಟೆ ಅದು. ಆತ ನಡುವೆ ಹಾಡು ನಿಲ್ಲಿಸಿ, ವರ್ಷವಿಡೀ ಮೈಮುರಿದು ಮಾಡಿದ ಕೆಲಸಕ್ಕೆ ಬಿ ಪ್ಲಸ್ ಕೊಡುವ ಈ ಮನುಷ್ಯನನ್ನು ಹೆಸರು ಹಿಡಿದು, ಮನೆಮಂದಿ ಓದುವ ಈ ಪತ್ರಿಕೆಯಲ್ಲಿ ಬರೆಯಲಾಗದ ಮಾತುಗಳಿಂದ ಬೈದಿದ್ದಾನೆ. ಆ ಬೈಗುಳವೂ ತಟ್ಟೆಯಲ್ಲಿ ಅಚ್ಚಾಯಿತು. ವಿಮರ್ಶಕರು ಏನು ಮಾಡಿದರೆಂದು ಬಲ್ಲಿರಾ? ತಟ್ಟೆ ಕೇಳಿದರು, ಸಿ ಪ್ಲಸ್ ಹಾಕಿದರು, ತಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸಿದ್ದಕ್ಕಾಗಿ ಲೂ ರೀಡನಿಗೆ ವಂದನೆ ಅರ್ಪಿಸಿದರು. ಸೇಡು ಇಟ್ಟುಕೊಳ್ಳಲಿಲ್ಲ, 1982ರಲ್ಲಿ ಅದೇ ಲೂ ರೀಡ್ ‘ದಿ ಬ್ಲೂ ಮಾಸ್ಕ್’ ಎಂಬ ಒಳ್ಳೆಯ ತಟ್ಟೆ ತಂದಾಗ ಮನಸಾರೆ ಮೆಚ್ಚಿ ಬರೆದರು.

ಸೋನಿಕ್ ಯೂತ್ ಎಂಬ ತರುಣರ ತಂಡದ ಕಥೆಯೂ ಇದೇ ಬಗೆಯದು. 1980ರ ದಶಕದ ಆದಿಯಲ್ಲಿ ತಮ್ಮನ್ನು ಹಗುರವಾಗಿ ಕಂಡರೆಂದು ಸಿಟ್ಟಾಗಿ ಅವರು ಈ ವಿಮರ್ಶಕರನ್ನು ಕೊಂದೇಬಿಟ್ಟಂತೆ ಒಂದು ಹಾಡು ಕಟ್ಟಿದರು. ಮುಂದೆ 1988ರಲ್ಲಿ ಅದೇ ತಂಡ ‘ಡೇಡ್ರೀಮ್ ನೇಷನ್’ ಎಂಬ ಜೋಡಿ ತಟ್ಟೆ ಹೊರತಂದಾಗ, ‘ಕೊಲೆಯಾದ’ ವಿಮರ್ಶಕರೇ ಅದಕ್ಕೆ ಎ ದರ್ಜೆ ಕೊಟ್ಟರು. ಆ ಮೇಲೆ ಆ ತಂಡ ಅವರ ಅಚ್ಚುಮೆಚ್ಚಿನವುಗಳಲ್ಲಿ ಒಂದಾಯಿತು. ಇಷ್ಟರಮಟ್ಟಿಗೆ ಮನಸ್ಸು ಚೊಕ್ಕಟವಾಗಿಟ್ಟುಕೊಳ್ಳುವುದು ಸುಲಭವಲ್ಲ. ಯಾರಾದರೂ ಕಡತದ ಅಂಚಿನಲ್ಲಿ ನಮ್ಮ ಮೇಲೆ ಅರ್ಧ ಸಾಲು ಕೊಂಕು ಬರೆದರೆ ನಾವು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವವರು.

ಹಾಡುಗಾರರ ಮಾತು ಅಲ್ಲಿಗಿರಲಿ. ನಿಜವಾದ ಜಗಳ ರಸಿಕರದು. ಅದು ಹೊತ್ತಿಕೊಳ್ಳುವುದು ಸಾಮಾನ್ಯವಾಗಿ ಒಂದು ಅಕ್ಷರದ ಮೇಲೆ: ಬಿ.

1973ರಲ್ಲಿ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಎಂಬ ಧ್ವನಿಮುದ್ರಿಕೆ ಹೊರತಂದಿತು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಅದು 1988ರ ಹೊತ್ತಿಗೆ ಒಟ್ಟು 700ಕ್ಕೂ ಹೆಚ್ಚು ವಾರ ಉಳಿದಿತ್ತೆಂದರೆ ಅದರ ಹಿಡಿತವನ್ನು ಊಹಿಸಬಹುದು. ಕ್ರಿಸ್ಟ್‌ಗೌ ಅವರು ಅದಕ್ಕೆ ಕೊಟ್ಟದ್ದು ಬರಿಯ ಬಿ. ಹೋಗಲಿ, ಆ ತಂಡವೇ ಅವರಿಗೆ ಹಿಡಿಸಲಿಲ್ಲ ಎನ್ನೋಣವೆಂದರೆ ಹಾಗೂ ಅಲ್ಲ. ಎರಡು ವರ್ಷದ ಮೇಲೆ ಬಂದ ‘ವಿಶ್ ಯೂ ವರ್ ಹಿಯರ್’ ತಟ್ಟೆಗೆ ಎ ಮೈನಸ್ ಕೊಟ್ಟರು. 1997ರಲ್ಲಿ ರೇಡಿಯೊಹೆಡ್ ತಂಡದ ‘ಓಕೆ ಕಂಪ್ಯೂಟರ್’ ಬಂದು ಲೋಕವೆಲ್ಲ ತಲೆದೂಗುತ್ತಿದ್ದಾಗ ಇವರು ಬಿ ಮೈನಸ್ ಹಾಕಿ ಅದನ್ನು ಆ ತಿಂಗಳ ಸೋತ ಸರಕೆಂದು ಸಾರಿದರು. ಮೂರು ವರ್ಷ ಬಿಟ್ಟು ಅದೇ ತಂಡದ ‘ಕಿಡ್ ಎ’ ಬಂದಾಗ ಎ ಮೈನಸ್. ‘ಈ ಮನುಷ್ಯ ನಾಣ್ಯ ಚಿಮ್ಮಿ ದರ್ಜೆ ಹಾಕುತ್ತಾನೆ’ ಎಂದು ಒಂದು ಪಕ್ಷ. ‘ಅಲ್ಲ, ಹೆಸರು ನೋಡದೆ ತಟ್ಟೆ ನೋಡಿ ಹಾಕುತ್ತಾನೆ’ ಎಂದು ಇನ್ನೊಂದು ಪಕ್ಷ.

ಇಲ್ಲಿ ನಮ್ಮ ನಾಡಿನ ಮಾತೂ ಸ್ವಲ್ಪ ಬರುತ್ತದೆ. ಬೆಂಗಳೂರು ರಾಕ್ ಸಂಗೀತದ ಊರೆಂದು ಹೆಸರು ಪಡೆದಿರುವುದು ಹಲವರಿಗೆ ಗೊತ್ತು. ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರೋಜರ್ ವಾಟರ್ಸ್ 2002ರಲ್ಲಿ ಅಲ್ಲಿ ಹಾಡಿದರು. ಅರಮನೆ ಮೈದಾನದಲ್ಲಿ 2007ರ ಮಾರ್ಚಿನಲ್ಲಿ ಐರನ್ ಮೇಡನ್ ತಂಡವೂ 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ತಂಡವೂ ಕಾರ್ಯಕ್ರಮ ಕೊಟ್ಟವು. ಕೊನೆಯ ಎರಡೂ ‘ಹೆವಿ ಮೆಟಲ್’ ಎಂಬ ಕಬ್ಬಿಣದ ಗರಡಿಯ ಪೈಲ್ವಾನರು. ಈಗ ಸ್ವಾರಸ್ಯ ನೋಡಿ: ತಮಗೆ ಒಗ್ಗದ ಸಂಗೀತ ಯಾವುದೆಂದು ಕ್ರಿಸ್ಟ್‌ಗೌ ಅವರು ತಾವೇ ಬಾಯಿಬಿಟ್ಟು ಹೇಳಿರುವ ಪಟ್ಟಿಯಲ್ಲಿ ಹೆವಿ ಮೆಟಲ್ ಇದೆ, ಪಿಂಕ್ ಫ್ಲಾಯ್ಡ್‌ನಂಥವರ ಗಂಭೀರವಾದ, ಉದ್ದುದ್ದ ಸ್ವರವಿಸ್ತಾರದ ರಾಕ್ ಕೂಡ ಇದೆ. ಅಂದರೆ ಬೆಂಗಳೂರಿನ ಹುಡುಗರು ಯಾವುದಕ್ಕಾಗಿ ಮಳೆಯಲ್ಲಿ ನೆನೆದು, ಕೆಸರಲ್ಲಿ ನಿಂತು ಕೇಳುವರೋ ಅದೇ ಈ ಹಿರಿಯರಿಗೆ ಅಪಥ್ಯ.

ಅರಮನೆ ಮೈದಾನಕ್ಕೆ ಎರಡು ಸಲವೂ ಹೋಗಿಬಂದ ನಮ್ಮ ಚಿಕ್ಕಪ್ಪನ ಮಗನೊಬ್ಬನಿದ್ದಾನೆ. ರಜೆಗೆಂದು ನಮ್ಮ ಮನೆಗೆ ಬಂದಿದ್ದಾಗ ಈ ಬಿ ದರ್ಜೆಯ ಕಥೆ ಹೇಳಿದೆವು. ಕೈಯಲ್ಲಿದ್ದ ಚಕ್ಕುಲಿ ತಟ್ಟೆಯನ್ನು ಕೆಳಗಿಟ್ಟ. ‘ಅಣ್ಣ, ಆತನಿಗೆ ಒಗ್ಗದಿದ್ದರೆ ಬರೆಯದೆ ಸುಮ್ಮನಿರಲಿ. ಗೊತ್ತಿಲ್ಲದ ರಾಗಕ್ಕೆ ಅಂಕ ಕೊಡುವುದಕ್ಕೆ ಅವನ್ಯಾರು?’ ಎಂದ. ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ರಸಿಕರಲ್ಲಿಯೂ ಬಹುಮಂದಿ ಕೇಳುವುದು ಇದನ್ನೇ. ಆಪಾದನೆಗಳು ಇನ್ನೂ ಇವೆ. ಬರಹ ವಿಪರೀತ ಬಿಗಿ, ಒಂದೇ ವಾಕ್ಯದಲ್ಲಿ ಮೂರು ಸೂಚನೆ ನಾಲ್ಕು ಪರಿಹಾಸ್ಯ ತುರುಕಿರುತ್ತಾರೆ, ಬಿಡಿಸಿಕೊಳ್ಳುವುದಕ್ಕೆ ಒಬ್ಬ ಶಾಸ್ತ್ರಿಗಳು ಬೇಕು, ಹಾಡಿನ ಮಾತಿಗೆ ಕೊಡುವ ಕಿವಿಯನ್ನು ಬರಿಯ ವಾದ್ಯದ ನಾದಕ್ಕೆ ಕೊಡುವುದಿಲ್ಲ, ಎಡಪಂಥದ ರಾಜಕೀಯವನ್ನು ಸಂಗೀತದೊಳಕ್ಕೆ ತರುತ್ತಾರೆ, ಹೀಗೆ.

ನಮ್ಮ ಅಭಿಪ್ರಾಯ ಕೇಳಿದರೆ, ನಾದದ ವಿಷಯದ ಆಪಾದನೆಯಲ್ಲಿ ಹುರುಳಿದೆ. ಮಾತು ಬೇಡವೆಂದು ನಾದದಲ್ಲಿ ಮುಳುಗುವ ಸಂಗೀತವೊಂದುಂಟು. ಆಲಾಪನೆ ಕೇಳಿ ಬೆಳೆದ ನಮಗೆ ಅದು ಹೊಸದಲ್ಲ. ಪಿಂಕ್ ಫ್ಲಾಯ್ಡ್ ಅಂಥ ಒಂದು ವಿಸ್ತಾರಕ್ಕೆ ಕೈಚಾಚಿದರೆ ಅದು ಡಂಭವೆಂದು ಮೂಗು ಮುರಿಯುವುದು ಅವಸರದ ತೀರ್ಪು. ಆ ತಟ್ಟೆಗೆ ಬಿ ಕೊಟ್ಟದ್ದನ್ನು ನಾವು ಒಪ್ಪುವುದಿಲ್ಲ. ಬಿಗಿ ಬರಹದ ಆಪಾದನೆಗೆ ಮಾತ್ರ ನಮ್ಮ ಸಹಿಯಿಲ್ಲ. ನೂರು ಮಾತಿನಲ್ಲಿ ತೀರ್ಪು ಹೇಳುವವನಿಗೆ ನುಣುಚಿಕೊಳ್ಳಲು ಎಡೆಯಿರುವುದಿಲ್ಲ. ಹತ್ತು ಪುಟ ಬರೆಯುವವನು ಯಾವ ಪುಟದಲ್ಲಾದರೂ ಅಡಗಿಕೊಳ್ಳಬಹುದು. ಇದು ಕಡತಗಳ ನಡುವೆ ಬಾಳುವವರ ಅನುಭವ.

ಇನ್ನು ಆ ಪಟ್ಟಿಯ ವಿಷಯ. ಮೆಟಲ್, ಗಂಭೀರ ರಾಕ್, ಬ್ಲೂಗ್ರಾಸ್, ಇಗರ್ಜಿಯ ಗಾಸ್ಪೆಲ್, ಐರ್ಲೆಂಡಿನ ಜಾನಪದ—ಇವು ತನಗೆ ಅಷ್ಟಾಗಿ ಹಿಡಿಸುವುದಿಲ್ಲವೆಂದು ಬಹಿರಂಗವಾಗಿ ಹೇಳಿಕೊಂಡ ವಿಮರ್ಶಕರು ಎಷ್ಟು ಮಂದಿ ಸಿಗುತ್ತಾರೆ? ತಕ್ಕಡಿಯಲ್ಲಿ ಒಂದು ಕಡೆ ಅರ್ಧ ತೊಲ ವಾಲುವುದಿದೆಯೆಂದು ಅಂಗಡಿಯವನೇ ಹೇಳಿ ತೂಗಿದರೆ ಗಿರಾಕಿಗೆ ಮೋಸವಾಗದು. ಅಷ್ಟನ್ನು ಕಳೆದು ಲೆಕ್ಕ ಹಾಕಿಕೊಳ್ಳುತ್ತಾನೆ. ಬೆಂಗಳೂರಿನ ತಮ್ಮನಿಗೆ ನಾವು ಹೇಳಿದ್ದು ಇದನ್ನೇ. ಆತ ಒಪ್ಪಲಿಲ್ಲ. ‘ವಾಲುವ ತಕ್ಕಡಿ ಇಟ್ಟುಕೊಂಡಿರುವುದೇಕೆ?’ ಎಂದ. ವಾಲದ ತಕ್ಕಡಿಯನ್ನು ನಾವೆಲ್ಲಿಂದ ತಂದು ತೋರಿಸೋಣ!

ಎದುರು ಪಕ್ಷದ ರಸಿಕರು ಈ ಹಂತದಲ್ಲಿ ಹೊರತೆಗೆಯುವ ಸಾಕ್ಷ್ಯವೊಂದಿದೆ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಳ್ವಿಕೆ ಇನ್ನೂ ಬಲವಾಗಿದ್ದ 1980ರ ದಶಕದ ನಡುವೆ, ‘ದಿ ಇಂಡಿಸ್ಟ್ರಕ್ಟಿಬಲ್ ಬೀಟ್ ಆಫ್ ಸೊವೆಟೊ’ ಎಂಬ ಸಂಕಲನ ಹೊರಬಂತು. ಕರಿಯ ಜನರ ಕೇರಿಗಳಲ್ಲಿ ಹುಟ್ಟಿದ ಕುಣಿತದ ಹಾಡುಗಳು. ಮಹ್ಲಾತಿನಿಯಂಥವರ ಗುಡುಗು ಕಂಠ. ಆ ಭಾಷೆ ಅಮೆರಿಕನ್ನರಿಗೆ ಒಂದಕ್ಷರ ತಿಳಿಯದು. ಕ್ರಿಸ್ಟ್‌ಗೌ ಅವರು ಅದಕ್ಕೆ ಎ ಪ್ಲಸ್ ಕೊಟ್ಟರು. ಶಿಖರದ ಆ ದರ್ಜೆಯನ್ನು ಅವರು ಕೈಬಿಗಿ ಹಿಡಿದು ಕೊಡುವವರೆಂಬುದನ್ನು ನೆನೆಯಬೇಕು. ಆಫ್ರಿಕಾದ ಸಂಗೀತವನ್ನು ಅಮೆರಿಕದ ಸಾಮಾನ್ಯ ಪತ್ರಿಕೆಗಳು ಕಣ್ಣೆತ್ತಿ ನೋಡದಿದ್ದ ಕಾಲದಲ್ಲಿಯೇ ಕಾಂಗೊ ನಾಡಿನ ಫ್ರಾಂಕೊ ಮೊದಲಾದವರ ತಟ್ಟೆಗಳನ್ನು ಹುಡುಕಿ ಹುಡುಕಿ ಬರೆದರು. ಅದೇ ರೀತಿ, ನ್ಯೂಯಾರ್ಕಿನ ಕರಿಯ ತರುಣರು ತಾಳದ ಮೇಲೆ ಮಾತು ಜೋಡಿಸಿ ಹೇಳುವ ಹಿಪ್‌ಹಾಪ್ ಬಂದಾಗ, ಅವರ ವಯಸ್ಸಿನ ಹಲವರು ‘ಇದು ಸಂಗೀತವೇ ಅಲ್ಲ’ ಎಂದು ಕದ ಹಾಕಿಕೊಂಡರು. ಇವರು ಕದ ತೆರೆದು ಕೂತರು. 1988ರಲ್ಲಿ ಪಬ್ಲಿಕ್ ಎನಿಮಿ ಎಂಬ ಹಿಪ್‌ಹಾಪ್ ತಂಡದ ಮುದ್ರಿಕೆಗೂ ಎ ಪ್ಲಸ್ ಬಂತು. ಆಗ ಇವರಿಗೆ ನಲವತ್ತಾರು.

ನಲವತ್ತಾರರಲ್ಲಿ ಕಿವಿ ತೆರೆದಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಬಲ್ಲರು. ಮೂವತ್ತು ದಾಟಿದ ನಮಗೇ, ಕಾಲೇಜಿನಲ್ಲಿ ಕೇಳಿದ ಹಾಡೇ ಹಾಡು, ಆಮೇಲೆ ಬಂದದ್ದೆಲ್ಲ ಸದ್ದು ಎಂಬ ಭಾವನೆ ಆಗಲೇ ಬೇರುಬಿಟ್ಟಿದೆ. ನಮ್ಮ ತಂದೆಯವರು ನಮ್ಮ ಹಾಡುಗಳ ಬಗ್ಗೆ ಹೇಳುತ್ತಿದ್ದ ಮಾತನ್ನೇ ನಾವು ಈಗ ಅಕ್ಕನ ಮಕ್ಕಳಿಗೆ ಹೇಳುತ್ತಿದ್ದೇವೆ, ಅದೂ ಅದೇ ಧ್ವನಿಯಲ್ಲಿ.

ಮೊದಲ ಸಲಕ್ಕೆ ತೀರ್ಪು ಹೇಳುವವರೂ ಅವರಲ್ಲ. ಬೆಳಗಾದರೆ ತಟ್ಟೆ ಹಾಕುವುದು, ಇರುಳು ಮಲಗುವವರೆಗೆ ಒಂದರ ಮೇಲೊಂದು ಕೇಳುವುದು. ಮೆಚ್ಚಿಗೆಯಾದದ್ದನ್ನು ಮತ್ತೆ ಮತ್ತೆ ಕೇಳಿ, ಮೆಚ್ಚಿಗೆ ನಿಂತಿತೋ ಕರಗಿತೋ ನೋಡಿ, ಆಮೇಲೆ ದರ್ಜೆ. ಹೀಗೆ ಹತ್ತು ಸಾವಿರಕ್ಕೂ ಮಿಕ್ಕಿದ ಮುದ್ರಿಕೆಗಳಿಗೆ ಬರೆದರು. 1970ರ, 1980ರ, 1990ರ ದಶಕಗಳ ಬರಹಗಳು 1981, 1990, 2000ನೆಯ ಇಸವಿಗಳಲ್ಲಿ ಮೂರು ದಪ್ಪ ಪುಸ್ತಕಗಳಾಗಿ ಬಂದವು. ಪುಸ್ತಕವಾಗುವಾಗ ಹಳೆಯ ತಟ್ಟೆಗಳನ್ನು ಮತ್ತೆ ಕೇಳಿ ಕೆಲವು ದರ್ಜೆಗಳನ್ನು ಏರಿಸಿದರು, ಕೆಲವನ್ನು ಇಳಿಸಿದರು. 1990ರ ದಶಕದಲ್ಲಿ ಧ್ವನಿಮುದ್ರಿಕೆಗಳ ಪ್ರವಾಹ ಕೈಮೀರಿದಾಗ, ಸಾಧಾರಣ ಸರಕಿಗೆ ಪ್ಯಾರ ಬರೆಯುವುದನ್ನೇ ಬಿಟ್ಟು ಗುರುತು ಹಾಕತೊಡಗಿದರು. ಪರವಾಗಿಲ್ಲ ಎನ್ನುವುದಕ್ಕೆ ನಕ್ಷತ್ರ, ಒಂದೆರಡು ಹಾಡಷ್ಟೇ ಚೆನ್ನಾಗಿದ್ದರೆ ಕತ್ತರಿ, ಏನೂ ಸಾಲದ್ದಕ್ಕೆ ಬಾಂಬು.

ಇಷ್ಟೆಲ್ಲ ಕೇಳುವ ಮನೆಯಲ್ಲಿ ಮಿಕ್ಕವರ ಪಾಡೇನು ಎಂದು ನಮ್ಮ ಓದುಗ ಸೋದರಿಯರು ಕೇಳಬಹುದು. ಅವರ ಪತ್ನಿ ಕರೋಲಾ ಡಿಬೆಲ್ ಸ್ವತಃ ಲೇಖಕಿ, ಸಂಗೀತದ ಬಗ್ಗೆಯೂ ಬರೆದವರು. 1974ರಲ್ಲಿ ಮದುವೆಯಾದರು. ಮನ್‌ಹಟನ್ನಿನ ಈಸ್ಟ್ ವಿಲೇಜ್ ಬಡಾವಣೆಯ ಬಾಡಿಗೆ ಮನೆಯಲ್ಲಿ ಧ್ವನಿಮುದ್ರಿಕೆಗಳ ಕಪಾಟುಗಳ ನಡುವೆ ಮಗಳನ್ನೂ ಬೆಳೆಸಿದರು. 2015ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಸಂಗೀತಕ್ಕೆ ಸಿಕ್ಕಿರುವ ಮರ್ಯಾದೆ ದಾಂಪತ್ಯಕ್ಕೂ ಸಿಕ್ಕಿದೆ. ಹಗಲಿಡೀ ತಟ್ಟೆ ತಿರುಗುವ ಮನೆಯಲ್ಲಿ ಐವತ್ತು ವರ್ಷ ಸಂಸಾರ ಮಾಡಿದವರಿಗೆ ಯಾವ ದರ್ಜೆ ಕೊಡಬೇಕೆಂಬುದನ್ನು ಓದುಗರೇ ತೀರ್ಮಾನಿಸಲಿ.

ತಮ್ಮ ಅಭಿರುಚಿಯೇ ಕೊನೆಯ ಮಾತೆಂದು ಅವರು ನಂಬಿದವರಲ್ಲ ಎನ್ನುವುದಕ್ಕೆ ಇನ್ನೊಂದು ನಿದರ್ಶನವುಂಟು. 1971ರಲ್ಲಿ ಒಮ್ಮೆ, ಆಮೇಲೆ 1974ರಿಂದ ವರ್ಷಂಪ್ರತಿ, ‘ವಾಯ್ಸ್’ ಪತ್ರಿಕೆಯ ಮೂಲಕ ದೇಶದ ವಿಮರ್ಶಕರ ಮತ ಎಣಿಸುವ ಒಂದು ಪದ್ಧತಿ ನಡೆಸಿದರು. ಹೆಸರು ‘ಪ್ಯಾಜ್ ಅಂಡ್ ಜಾಪ್’. ಜಾಜ್ ಮತ್ತು ಪಾಪ್ ಎಂಬ ಎರಡು ಮಾತುಗಳ ಮೊದಲಕ್ಷರಗಳನ್ನು ಅದಲುಬದಲು ಮಾಡಿದ ತಮಾಷೆ. ಪ್ರತಿಯೊಬ್ಬ ವಿಮರ್ಶಕನ ಕೈಯಲ್ಲಿ 100 ಅಂಕ. ಅವನ್ನು ವರ್ಷದ ಹತ್ತು ಒಳ್ಳೆಯ ಮುದ್ರಿಕೆಗಳಿಗೆ ಹಂಚಬೇಕು. ಒಂದಕ್ಕೆ 30ಕ್ಕೆ ಹೆಚ್ಚು ಕೊಡುವಂತಿಲ್ಲ, 5ಕ್ಕೆ ಕಡಿಮೆ ಕೊಡುವಂತಿಲ್ಲ. ಎಷ್ಟು ಅಚ್ಚುಕಟ್ಟು! 1997ರ ಎಣಿಕೆಯಲ್ಲಿ ಬಾಬ್ ಡಿಲನ್ನರ ತಟ್ಟೆ ಮೊದಲನೆಯದಾಯಿತು. ಎರಡನೆಯದು ಅದೇ ‘ಓಕೆ ಕಂಪ್ಯೂಟರ್’. ತಾವು ಸೋತ ಸರಕೆಂದು ಸಾರಿದ್ದನ್ನು ಮಿಕ್ಕವರು ಎತ್ತಿ ಎರಡನೆಯ ಪೀಠದಲ್ಲಿ ಕೂರಿಸಿದರು. ಆ ಫಲಿತಾಂಶವನ್ನು ಅವರದೇ ಪುಟಗಳಲ್ಲಿ ಅಚ್ಚು ಮಾಡಿದರು. ತಮ್ಮ ದರ್ಜೆಯನ್ನೂ ಬದಲಿಸಲಿಲ್ಲ.

ಈ ಮತದೆಣಿಕೆಯ ಹಿಂದಿನ ತತ್ತ್ವ ಅವರದೇ ಒಂದು ಪದದಲ್ಲಿದೆ: ‘ಅರೆಜನಪ್ರಿಯ ಸಂಗೀತ’. ಜನಪ್ರಿಯವಾಗುವ ಎಲ್ಲ ಲಕ್ಷಣಗಳಿದ್ದೂ, ತಾಳವಿದ್ದೂ ತಮಾಷೆಯಿದ್ದೂ, ಕೊಳ್ಳುವವರು ಮಾತ್ರ ನಾಲ್ಕೇ ಜನ, ಅಂಥ ಸಂಗೀತ. 1973ರಲ್ಲಿ ನ್ಯೂಯಾರ್ಕ್ ಡಾಲ್ಸ್ ತಂಡದ ಮೊದಲ ತಟ್ಟೆಗೆ ಎ ಪ್ಲಸ್ ಕೊಟ್ಟಾಗ ಅದು ಅಂಗಡಿಗಳಲ್ಲಿ ಧೂಳು ತಿನ್ನುತ್ತಿತ್ತು. ಇಂದು ಪಂಕ್ ಸಂಗೀತದ ಮೂಲ ಹೇಳುವವರು ಆ ತಟ್ಟೆಯನ್ನು ಬಿಟ್ಟು ಹೇಳುವಂತಿಲ್ಲ.

2006ರ ಆಗಸ್ಟಿನಲ್ಲಿ, ‘ವಾಯ್ಸ್’ ಪತ್ರಿಕೆ ಹೊಸ ಮಾಲೀಕರ ಕೈಸೇರಿದ ಮೇಲೆ, ಕ್ರಿಸ್ಟ್‌ಗೌ ಅವರನ್ನು ಕೆಲಸದಿಂದ ತೆಗೆದುಹಾಕಿದರು. ಮೂವತ್ತೇಳು ವರ್ಷದ ಹಿಂದೆ ಬರೆಯಲು ಆರಂಭಿಸಿದ ಪತ್ರಿಕೆ. ಕೊಟ್ಟ ಕಾರಣ ಅಭಿರುಚಿ ಎಂದು ಅವರೇ ತಿಳಿಸಿದರು. ಕೆಲಸಕ್ಕೆ ತಡವಾಗಿ ಬಂದದ್ದಕ್ಕೆ, ಲೆಕ್ಕ ತಪ್ಪಿದ್ದಕ್ಕೆ, ಮೇಲಿನವರಿಗೆ ಎದುರಾಡಿದ್ದಕ್ಕೆ ನೌಕರಿ ಹೋದವರನ್ನು ನಾವು ಕಂಡಿದ್ದೇವೆ. ಅಭಿರುಚಿಗಾಗಿ ಹೋದ ನೌಕರಿ ಇದೊಂದೇ ಇದ್ದೀತು. ಅರವತ್ತನಾಲ್ಕರ ಪ್ರಾಯ. ಇನ್ನೊಬ್ಬರಾದರೆ ತಟ್ಟೆಗಳನ್ನು ಮಾರಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಇವರು ಆ ಪತ್ರಿಕೆಯಿಂದ ಈ ಪತ್ರಿಕೆಗೆ ಅಂಕಣವನ್ನು ಹೊತ್ತು ತಿರುಗಿದರು. ಕೊನೆಗೆ 2019ರಲ್ಲಿ, ಎಪ್ಪತ್ತೇಳರಲ್ಲಿ, ಮಾಲೀಕರ ಹಂಗೇ ಬೇಡವೆಂದು ಚಂದಾದಾರರಿಗೆ ನೇರವಾಗಿ ತಲುಪುವ ಸ್ವಂತ ವಾರ್ತಾಪತ್ರವನ್ನು ಆರಂಭಿಸಿದರು. ಅದರಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವ ಪುಟವೂ ಇತ್ತು. ಜಗಳ ಕಾಯುವವರೇ ಚಂದಾ ಕಟ್ಟಿದರು! ನಮ್ಮ ಸಂಘದ ಖಜಾಂಚಿಗಳು ಈ ಸಂಗತಿಯನ್ನು ಗಮನಿಸಬೇಕು.

ಒಂದು ಪ್ರಶ್ನೆ ಮಾತ್ರ ರಸಿಕರ ಎರಡು ಪಕ್ಷವನ್ನೂ ಕಾಡುತ್ತಿದೆ. 1969ರಲ್ಲಿ ತಟ್ಟೆ ಕೊಳ್ಳಬೇಕಾದರೆ ಕಿಸೆ ಮುಟ್ಟಿ ನೋಡಿಕೊಳ್ಳಬೇಕಿತ್ತು. ಯಾವುದು ಕೊಳ್ಳತಕ್ಕದ್ದು ಎಂದು ಹೇಳುವವರು ಬೇಕಿತ್ತು. ಮುಂಬಯಿಯ ಕಾಲಾ ಘೋಡಾದಲ್ಲಿದ್ದ ‘ರಿದಮ್ ಹೌಸ್’ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು, ಒಂದನ್ನು ಎತ್ತಿ ಇನ್ನೊಂದನ್ನು ಇಟ್ಟು, ಕೊನೆಗೆ ಒಂದೇ ಒಂದು ಕೊಂಡು ಬಂದವರು ನಮ್ಮ ಓದುಗರಲ್ಲಿ ಇದ್ದಾರು. ಆ ಅಂಗಡಿ 2016ರಲ್ಲಿ ಬಾಗಿಲು ಹಾಕಿತು. ಈಗ ಕೈಯಲ್ಲಿನ ಫೋನು ಒತ್ತಿದರೆ ಜಗತ್ತಿನ ಹಾಡೆಲ್ಲ ಬರುತ್ತದೆ, ಹಿಡಿಸದಿದ್ದರೆ ಅರ್ಧ ನಿಮಿಷದಲ್ಲಿ ದಾಟಿಸಬಹುದು. ಮುಂದೆ ಏನು ಕೇಳಬೇಕೆಂಬುದನ್ನೂ ಯಂತ್ರವೇ ಲೆಕ್ಕ ಹಾಕಿ ಕೊಡುತ್ತದೆ. ಹೀಗಿರುವಾಗ ಕೊಳ್ಳುವವರ ಕೈಪಿಡಿ ಏತಕ್ಕೆ?

ಈ ಯಂತ್ರವನ್ನು ನಾವೂ ಬಳಸುತ್ತೇವೆ. ಅದರ ಉಪಕಾರ ಮರೆಯಲಾರೆವು. ಆದರೆ ಅದು ನಾವು ನಿನ್ನೆ ಮೆಚ್ಚಿದ್ದರ ತಮ್ಮನನ್ನೋ ತಂಗಿಯನ್ನೋ ಇಂದು ತಂದು ನಿಲ್ಲಿಸುತ್ತದೆ. ‘ನೀನು ಮೆಚ್ಚಿದ್ದು ಬಿ ದರ್ಜೆಯದು, ಸೊವೆಟೊದ ಈ ಮುದುಕನನ್ನು ಕೇಳು’ ಎಂದು ಅದು ಎಂದಿಗೂ ಗದರುವುದಿಲ್ಲ. ಅದರೊಡನೆ ಜಗಳವಾಡಲು ಬರುವುದಿಲ್ಲ. ಒಮ್ಮೆ ಪ್ರಯತ್ನಿಸಿದೆವು: ಹಿಡಿಸದ ಹಾಡನ್ನು ಮೂರು ಸಲ ದಾಟಿಸಿದ ಮೇಲೆ ಅದು ವಿನಯದಿಂದ ಆ ಹಾಡನ್ನೇ ತೆಗೆದುಹಾಕಿತು. ವಾದಿಸದೆ ಸೋತುಕೊಟ್ಟವನ ಮೇಲೆ ಯಾರಿಗೆ ತಾನೇ ಗೌರವ ಬಂದೀತು?

ಬೆಂಗಳೂರಿನ ತಮ್ಮ ಊರಿಗೆ ಹಿಂದಿರುಗಿದ ಮೇಲೆ, ಸೊವೆಟೊದ ಆ ತಟ್ಟೆಯನ್ನು ಕೇಳೆಂದು ಹೆಸರು ಬರೆದು ಕಳಿಸಿದ್ದೆವು. ಎರಡು ವಾರ ಸದ್ದಿಲ್ಲ. ಆಮೇಲೆ ಒಂದು ಭಾನುವಾರ ಬೆಳಗ್ಗೆ ಫೋನು ಮಾಡಿ, ‘ಅಣ್ಣ, ಆ ಆಫ್ರಿಕಾದವರು ಅಡ್ಡಿಯಿಲ್ಲ, ಐದಾರು ಸಲ ಕೇಳಿದೆ’ ಎಂದ. ನಾವು ಉಬ್ಬಿ, ‘ನೋಡಿದೆಯಾ, ಆತ ಎ ಪ್ಲಸ್ ಕೊಟ್ಟದ್ದು ಸುಮ್ಮನಲ್ಲ’ ಎಂದೆವು. ‘ಎ ಪ್ಲಸ್ ಏನಿಲ್ಲ, ಎ ಮೈನಸ್ ಕೊಡಬಹುದು’ ಎಂದು ತಮ್ಮ ಫೋನು ಇಟ್ಟ.